ಅಮ್ಮನ ಲೋಟಕ್ಕೆ ಹೆಸರು ಕೊರೆಯಲು ಹೋಗಿ: ರೋಟರಿ ಟೂಲ್ ಜೊತೆ ಎರಡು ವರ್ಷ

ಪಾತ್ರೆಗೆ ಹೆಸರು ಹಾಕಿಸಲು ಅಂಗಡಿಗೆ ಹೋದವರಿಗೆಲ್ಲ ಆ 'ಟರ್ರ್' ಸದ್ದು ಗೊತ್ತು. ಅಂಗಡಿಯವರು ಗಿರಾಕಿ ಜೊತೆ ಮಾತಾಡ್ತಾ ಮಾತಾಡ್ತಾನೇ ದುಂಡಗೆ ಬರೆದು ಕೊಡ್ತಾರೆ. ಇಷ್ಟೇ ತಾನೇ ಅಂದುಕೊಂಡು ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ 130 ವ್ಯಾಟ್‌ನ ರೋಟರಿ ಟೂಲ್ ತಂದೆ, ಕೈಯಲ್ಲಿ ಹಿಡಿದು ಕೊರೆಯಲು, ಉಜ್ಜಲು, ಕತ್ತರಿಸಲು ಬಳಸುವ ಪುಟ್ಟ ಸುತ್ತುವ ಯಂತ್ರ. ಜೆರಾಕ್ಸ್ ಅಂದ ಹಾಗೆ ಇದಕ್ಕೆಲ್ಲ ಡ್ರೆಮೆಲ್ ಅನ್ನೋ ಕಂಪನಿಯದೇ ಹೆಸರು. ನನ್ನದು ಅದಲ್ಲ, ಎರಡು ಸಾವಿರದೊಳಗೆ ಸಿಕ್ಕ ಅನಾಮಧೇಯ.

ಮೊದಲ ಬಲಿ ಅಮ್ಮನ ಸ್ಟೀಲ್ ಲೋಟ. 'ಸ' ಬರೆಯಲು ಹೋದೆ, ಬಿಟ್ (ತುದಿಗೆ ಸಿಕ್ಕಿಸುವ ಮೊನೆ) ಜಾರಿ ಲೋಟದ ಅಂಚಿನವರೆಗೆ ಗೆರೆ ಎಳೆಯಿತು. ಆಮೇಲೆ ಅರ್ಥವಾಯ್ತು: ಪಾತ್ರೆ ಅಂಗಡಿಯ ಯಂತ್ರದ ಮೊನೆ ಮೇಲೆ ಕೆಳಗೆ ಕುಟ್ಟುತ್ತದೆ, ಇದು ಗಿರಗಿರ ಸುತ್ತುತ್ತದೆ. ಸುತ್ತುವ ಮೊನೆ ತನ್ನ ದಿಕ್ಕಿಗೆ ತಾನೇ ಓಡುತ್ತದೆ. ಡೈಮಂಡ್ ಬಿಟ್ ಹಾಕಿ, ಪೆನ್ಸಿಲ್ ಹಿಡಿದ ಹಾಗೆ ಹಿಡಿದು, ಕಿರುಬೆರಳನ್ನು ಲೋಟಕ್ಕೆ ಊರಿ, ಒಂದೇ ಗೆರೆಯನ್ನು ಮೂರು ನಾಲ್ಕು ಸಲ ಮೆಲ್ಲಗೆ ತಿದ್ದಿದರೆ ಮಾತ್ರ ಅಕ್ಷರ ನಿಲ್ಲುತ್ತದೆ. ಗೆರೆ ಬಿದ್ದ ಲೋಟದಲ್ಲಿ ಅಮ್ಮ ಇವತ್ತಿಗೂ ನನಗೇ ಕಾಫಿ ಕೊಡೋದು.

ಹೊಸಬರೆಲ್ಲರ ತಪ್ಪು ಒಂದೇ, ಒತ್ತುವುದು. ಡ್ರಿಲ್ ಒತ್ತಿ ಅಭ್ಯಾಸವಾದ ಕೈಗೆ ಇದು ಬೇಗ ಒಗ್ಗಲ್ಲ. ಇದರ ಶಕ್ತಿಯೆಲ್ಲ ವೇಗದಲ್ಲಿ, ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ದಾಟುತ್ತೆ. ತಿರುಚುವ ಬಲ ಅಷ್ಟಕ್ಕಷ್ಟೇ. ಒತ್ತಿದ ಕೂಡಲೇ ಕೀರಲು ಸದ್ದು ಇಳಿದು ಮೋಟಾರ್ ನರಳುತ್ತದೆ, ಮೈ ಬಿಸಿಯಾಗುತ್ತದೆ. ನಾನೀಗ ಕಣ್ಣಿಗಿಂತ ಕಿವಿಯನ್ನೇ ನಂಬೋದು. ಸದ್ದು ಇಳಿದರೆ ಕೈ ಎತ್ತು, ಅಷ್ಟೇ.

ಆದರೆ ಗರಿಷ್ಠ ವೇಗ ಎಲ್ಲ ಕಡೆ ನಡೆಯಲ್ಲ. ಅಕ್ರಿಲಿಕ್ ಹಲಗೆ ಕತ್ತರಿಸುವಾಗ ಪ್ಲಾಸ್ಟಿಕ್ ಕರಗಿ ಹಿಂದೆಯೇ ಅಂಟಿಕೊಂಡು ಬಂತು, ಕತ್ತರಿಸಿದ ಜಾಗ ಬೆಸುಗೆ ಹಾಕಿದ ಹಾಗೆ! ವೇಗದ ಡಯಲ್ ಕೆಳಗಿಳಿಸಿ, ತಡೆದು ತಡೆದು ಮಾಡಬೇಕು. ಈಳಿಗೆಮಣೆ ಹರಿತ ಮಾಡುವಾಗಲೂ ಇದೇ ಪಾಠ: ಅಂಚು ನೀಲಿ ಬಣ್ಣಕ್ಕೆ ತಿರುಗಿತೋ, ಆ ಜಾಗದ ಕಬ್ಬಿಣದ ಗಡಸುತನ ಹೋಯಿತು ಅಂತ ಲೆಕ್ಕ.

ಕಿಟ್‌ನಲ್ಲಿ ಬಂದ ನೂರು ತುಂಡುಗಳಲ್ಲಿ ಹೆಚ್ಚಿನವು ಡಬ್ಬಿಯಲ್ಲೇ ಇವೆ. ತೆಳ್ಳನೆಯ ಕಂದು ಡಿಸ್ಕ್‌ಗಳಂತೂ ಹಪ್ಪಳ. ಸ್ವಲ್ಪ ಓರೆಯಾದರೂ ಚೂರು. ತುಕ್ಕು ಹಿಡಿದ ಬೋಲ್ಟ್ ಕತ್ತರಿಸುವಾಗ ಒಂದು ಚೂರು ಸಿಡಿದು ಕನ್ನಡಕಕ್ಕೆ ಬಡಿಯಿತು. ಅದು ನನ್ನ ಓದುವ ಕನ್ನಡಕ. ಮರುದಿನವೇ ಗಾಗಲ್ಸ್ ತಂದೆ. ಈಗ ಫೈಬರ್ ಜಾಲರಿ ಇರುವ ಡಿಸ್ಕ್‌ಗಳನ್ನಷ್ಟೇ ಬಿಡಿಯಾಗಿ ತರುತ್ತೇನೆ. ಸಾಮಾನ್ಯ ಬಿಟ್‌ಗಳ ಕಾಂಡ 3.2 ಮಿಲಿಮೀಟರ್, ಸಣ್ಣವಕ್ಕೆ ಬೇರೆ ಕಾಲೆಟ್, ಅಂದರೆ ಬಿಟ್ ಕಚ್ಚಿ ಹಿಡಿಯುವ ಭಾಗ, ಬೇಕು. ಸಡಿಲ ಕಾಲೆಟ್‌ನಲ್ಲಿ ಬಿಟ್ ನಡುಗುತ್ತದೆ, ಕೈಯೇ ಸರಿಯಿಲ್ಲ ಅಂತ ತಿಂಗಳುಗಟ್ಟಲೆ ಬೈದುಕೊಂಡಿದ್ದೆ.

ಮನಸ್ಸು ತಣಿದಿದ್ದು ತೆಂಗಿನ ಚಿಪ್ಪಿನಲ್ಲಿ. ಉಪ್ಪು ಕಾಗದ ಸುತ್ತಿದ ಸ್ಯಾಂಡಿಂಗ್ ಡ್ರಮ್‌ನಿಂದ ಹೊರಗಿನ ನಾರು ತೆಗೆದು, ಸಣ್ಣ ಬಿಟ್‌ನಲ್ಲಿ ತೂತುಗಳ ಸಾಲು ಕೊರೆದು, ಒಳಗೆ ಪುಟ್ಟ ಬಲ್ಬ್ ಇಟ್ಟೆ. ಗೋಡೆಯ ಮೇಲೆ ಚುಕ್ಕಿ ರಂಗೋಲಿ. ಧೂಳು ಮಾತ್ರ ಭಯಂಕರ, ಮಾಸ್ಕ್ ಇಲ್ಲದೆ ಕೂರಬೇಡಿ. ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಕೂತರೆ ಕೆಳಗಿನ ಮನೆಯವರು ಬಟ್ಟೆ ಒಣಹಾಕುವ ಹೊತ್ತು ನೋಡಿಕೊಂಡೇ ಶುರು ಮಾಡಬೇಕು.

ಹದಿನೆಂಟು ತಿಂಗಳಿಗೆ ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರುತ್ತಿತ್ತು. ಎರಡು ಕಡೆಯ ಮುಚ್ಚಳ ಬಿಚ್ಚಿ ನಾನೇ ಬದಲಿಸಿದೆ, ಐದು ನಿಮಿಷದ ಕೆಲಸ. ಸ್ವಿಚ್ ಈಚೆಗೆ ತಕರಾರು ಮಾಡುತ್ತಿದೆ. ಹೋದರೆ ಇನ್ನೊಂದು ತರುವುದೇ. ಈ ಸಲ ಫ್ಲೆಕ್ಸ್ ಶಾಫ್ಟ್, ಅಂದರೆ ಮೋಟಾರನ್ನು ದೂರವಿಟ್ಟು ತುದಿಯನ್ನಷ್ಟೇ ಹಿಡಿಯಲು ಬಿಡುವ ಬಳುಕುವ ಕೊಳವೆ, ಇರುವುದು. ಮೋಟಾರಿನ ಭಾರ ಕೈ ಮೇಲೆ ಬೀಳದಿದ್ದರೆ ಅಮ್ಮನ ಇನ್ನೊಂದು ಲೋಟ ಕೇಳುವ ಧೈರ್ಯ ಬಂದೀತು.