ಜಂಪ್ ಕೊಟ್ಟಾಗ ಸ್ಟಾರ್ಟ್ ಆಯಿತೆಂದು ಬ್ಯಾಟರಿ ಬದಲಿಸಬೇಡಿ

ಮೂರು ತಿಂಗಳಲ್ಲಿ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದೆ, ಸ್ಟಾರ್ಟರ್ ಮೋಟಾರ್ ಬದಲಿಸಿದೆ, ಮ್ಯೂಸಿಕ್ ಸಿಸ್ಟಮ್ ಕಳೆದುಕೊಂಡೆ, ಎಂಜಿನ್ನಿನ ಕಂಪ್ಯೂಟರನ್ನೇ ಬದಲಿಸೋಣ ಎಂಬ ಮಾತಿಗೆ ಇನ್ನೇನು ಹೂಂ ಎನ್ನುವುದರಲ್ಲಿದ್ದೆ. ಹಾಳಾಗಿದ್ದದ್ದು ಗೇಣುದ್ದದ ಒಂದು ಅರ್ತ್ ಪಟ್ಟಿ, ಅಂದರೆ ಕರೆಂಟು ಬ್ಯಾಟರಿಗೆ ಮರಳಲೆಂದು ಎಂಜಿನ್ನನ್ನು ಕಾರಿನ ಬಾಡಿಗೆ ಜೋಡಿಸುವ ಹೆಣೆದ ತಂತಿ. ಅದನ್ನು ಬದಲಿಸಲು ಬಿಚ್ಚಬೇಕಾದದ್ದು ಎರಡು ಬೋಲ್ಟು, ಬೇಕಾದದ್ದು ಒಂದು ತುಂಡು ಉಜ್ಜುಕಾಗದ ಮತ್ತು ಇಪ್ಪತ್ತು ನಿಮಿಷ. ನನ್ನ ಪೆದ್ದುತನವನ್ನು ಹೀಗೆ ಬಿಚ್ಚಿಡುತ್ತಿರುವುದು, ಇದೇ ಹಾದಿಯಲ್ಲಿ ಇನ್ನಾರಾದರೂ ಬರುತ್ತಿದ್ದರೆ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಒಂದು ಗಳಿಗೆ ನಿಲ್ಲಲಿ ಎಂದು.

ಶುರುವಾದದ್ದು ಬೆಳಗಿನ ಹೊತ್ತಿನ ಸಣ್ಣ ಗೊಣಗಾಟದಿಂದ. ಚಾವಿ ತಿರುಗಿಸಿದ ಕೂಡಲೇ ಒಂದೇ ಉಸಿರಿಗೆ ಏಳುತ್ತಿದ್ದ ಎಂಜಿನ್ ಈಗ ಗೊರ್... ಗೊರ್... ಎಂದು ಮುಲುಗಿ, ನಾಲ್ಕೈದು ಸುತ್ತಿನ ಮೇಲೆ ಒಲ್ಲದ ಮನಸ್ಸಿನಿಂದ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಹೊತ್ತಿಕೊಂಡರೆ ಆಮೇಲೆ ಯಾವ ತಕರಾರೂ ಇಲ್ಲ, ದಿನವಿಡೀ ಸಲೀಸಾಗಿ ಓಡುತ್ತಿತ್ತು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: 'ಕಾರು ಸ್ಟಾರ್ಟ್ ಆಗುತ್ತಿಲ್ಲ' ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ರೋಗಗಳಿವೆ. ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟಾರ್, ನಿಧಾನವಾಗಿ ತಿರುಗುವುದು ಒಂದು. ಸೆಲ್ಫ್ ಚುರುಕಾಗಿಯೇ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದಿರುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ವಿದ್ಯುತ್ತಿನ ತೊಂದರೆ; ಎರಡನೆಯದು ಇಂಧನ, ಕಿಡಿ, ಇಲ್ಲವೇ ಸೆನ್ಸರ್. ಗ್ಯಾರೇಜಿಗೆ ಫೋನ್ ಮಾಡಿ 'ಸ್ಟಾರ್ಟಿಂಗ್ ತೊಂದರೆ' ಎಂದಷ್ಟೇ ಹೇಳಿದರೆ ಆ ಕಡೆಯವರು ತಮಗೆ ತೋಚಿದ ರೋಗಕ್ಕೆ ಔಷಧ ಕೊಡುತ್ತಾರೆ. ನಾನು ಅಷ್ಟನ್ನೇ ಹೇಳಿದ್ದೆ.

ಒಂದು ದಿನ ಸೆಲ್ಫ್ ಪೂರ್ತಿ ಕೈಕೊಟ್ಟಿತು. ತಮ್ಮ ಬ್ಯಾಟರಿಯಿಂದ ನನ್ನ ಕಾರಿಗೆ ಕರೆಂಟು ಕೊಡಲು, ಅಂದರೆ ಜಂಪ್ ಕೊಡಲು, ಪಕ್ಕದ ಕಾರಿನವರು ಜಂಪರ್ ಕೇಬಲ್ ತಂದರು. ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕ್ಲಿಪ್ಪನ್ನು ಎಂಜಿನ್ನಿನ ಮೇಲಿನ ಬರಿಯ ಲೋಹಕ್ಕೆ ಕಚ್ಚಿಸಿದರು. ಅದೇ ಸರಿಯಾದ ಕ್ರಮ: ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ನಿನ ಬಳಿ ಅದು ಹಾರಬಾರದು. ಚಾವಿ ತಿರುಗಿಸಿದೆ. ಎಂಜಿನ್ ಎದ್ದು ಕುಳಿತಿತು. ಸುತ್ತ ನಿಂತಿದ್ದ ನಾಲ್ವರೂ ಒಕ್ಕೊರಲಿನಿಂದ 'ಬ್ಯಾಟರಿ ಹೋಗಿದೆ' ಎಂದರು. ನಾನು ಐದನೆಯವನು.

ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷಕ ಯಂತ್ರ 'ದುರ್ಬಲ' ಎಂದು ತೋರಿಸಿತು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅರೆಬರೆ ಚಾರ್ಜ್ ಆಗಿರುವ ಬ್ಯಾಟರಿಯನ್ನು ಹಾಗೇ ಪರೀಕ್ಷೆಗೆ ಒಡ್ಡಿದರೆ ಒಳ್ಳೆಯದೂ ಕೆಟ್ಟದ್ದರಂತೆ ಕಾಣುತ್ತದೆ. ಮೊದಲು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಅಳೆಯಬೇಕು. ಸಾಮಾನ್ಯ ಸೀಸ-ಆಮ್ಲ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 11.9ಕ್ಕೆ ಇಳಿದರೆ ಹೆಚ್ಚುಕಡಿಮೆ ಬರಿದು. ನನ್ನದು 12.2 ಇತ್ತು. ಅರ್ಧ ತುಂಬಿದ ಕೊಡವನ್ನು ತೂತು ಕೊಡ ಎಂದು ತೀರ್ಮಾನಿಸಿ ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ತಂದೆ. ಅದು ಏಕೆ ಅರ್ಧಕ್ಕೆ ನಿಂತಿದೆ ಎಂದು ಯಾರೂ ಕೇಳಲಿಲ್ಲ.

ಹೊಸ ಬ್ಯಾಟರಿಯೊಂದಿಗೆ ಮೂರು ವಾರ ಚೆನ್ನಾಗಿತ್ತು. ನಾಲ್ಕನೆಯ ವಾರ ಮತ್ತೆ ಅದೇ ಗೊರಗೊರ.

ಈ ಸಲ ಗ್ಯಾರೇಜ್. ಅಲ್ಲಿ ನಡೆದ ಎರಡು ಪರೀಕ್ಷೆಗಳನ್ನು ನೀವು ಎಂದಿಗೂ ಒಪ್ಪಿಕೊಳ್ಳಬೇಡಿ. ಮೊದಲನೆಯದು, ಮಲ್ಟಿಮೀಟರಿನ ಬೀಪ್: ಎರಡು ಕಡ್ಡಿಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಮೀಟರ್ ಬೀಪ್ ಎನ್ನುತ್ತದೆ. ಬ್ಯಾಟರಿಯ ಮೈನಸ್‌ಗೆ ಒಂದು ಕಡ್ಡಿ, ಎಂಜಿನ್ನಿಗೆ ಇನ್ನೊಂದು. ಬೀಪ್ ಬಂತು, 'ಅರ್ತ್ ಸರಿಯಿದೆ' ಎಂದರು. ನೂರು ಎಳೆಗಳ ಹಗ್ಗದಲ್ಲಿ ಒಂದೇ ಎಳೆ ಉಳಿದಿದ್ದರೂ ಆ ಬೀಪ್ ಬರುತ್ತದೆ. ಮೀಟರ್ ಹರಿಸುವುದು ಕಣ್ಣಿಗೆ ಕಾಣದಷ್ಟು ಕರೆಂಟು, ಸ್ಟಾರ್ಟರ್ ಮೋಟಾರ್ ಎಳೆಯುವುದು 100ರಿಂದ 200 ಆಂಪಿಯರ್. ಒಬ್ಬ ಮನುಷ್ಯ ದಾಟಿದನೆಂದು ಸೇತುವೆಯ ಮೇಲೆ ಲಾರಿ ಬಿಟ್ಟಂತಾಯಿತು. 150 ಆಂಪಿಯರ್ ಹರಿಯುವಾಗ ಹಾದಿಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಮೀಟರಿನ ಓಮ್ ಗುಂಡಿ ಹಿಡಿಯಲಾರದು.

ಎರಡನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು, ಎಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್ ಬ್ಯಾಟರಿಯ ತಂತಿಯನ್ನು ಕಿತ್ತರು. ಎಂಜಿನ್ ನಿಲ್ಲಲಿಲ್ಲ, ಅವರು ಗೆದ್ದವರಂತೆ ನನ್ನತ್ತ ನೋಡಿದರು. ಅದೇ ಕ್ಷಣ ಹೆಡ್‌ಲೈಟ್ ಫಳ್ಳನೆ ಹೊಳೆದು ಮ್ಯೂಸಿಕ್ ಸಿಸ್ಟಮ್ ಕಪ್ಪಾಯಿತು. ಬ್ಯಾಟರಿ ಎಂಬುದು ಕರೆಂಟಿನ ಏರಿಳಿತಗಳನ್ನು ನುಂಗುವ ಕೆರೆಯೂ ಹೌದು. ಅದನ್ನು ಥಟ್ಟನೆ ತೆಗೆದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ ಎಷ್ಟೋ ಮೇಲಕ್ಕೆ ಚಿಮ್ಮುತ್ತದೆ, ಎದುರಿಗೆ ಸಿಕ್ಕ ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದ ಕಾರುಗಳ ಪರೀಕ್ಷೆ ಅದು. ಆಲ್ಟರ್ನೇಟರ್ ನೋಡಬೇಕಾದರೆ ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಕಂಬಗಳಿಗೆ ಮೀಟರ್ ಹಿಡಿದರೆ ಸಾಕು; ಬಹುಪಾಲು ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಅವರು ಮೀಟರ್ ಹಿಡಿದಿದ್ದರೆ 13.4 ಎಂದು ಓದುತ್ತಿದ್ದರು, ಕಥೆ ಅಲ್ಲೇ ಬೇರೆ ದಾರಿ ಹಿಡಿಯುತ್ತಿತ್ತು.

ಬ್ಯಾಟರಿ ಹೊಸದು, ಆಲ್ಟರ್ನೇಟರ್ ಗಟ್ಟಿ, ಅರ್ತ್ ಬೀಪ್ ಎಂದಿದೆ, ಹಾಗಾದರೆ ಉಳಿದದ್ದು ಸೆಲ್ಫ್ ಮೋಟಾರ್. ಒಳಗೆ ಕರೆಂಟು ತಲುಪಿಸುವ ಕಾರ್ಬನ್ ಬ್ರಷ್ ಸವೆದಿರಬಹುದೆಂದು ಇಡೀ ಮೋಟಾರನ್ನೇ ಬದಲಿಸಿದರು. ಕಾರು ಹದಿನೈದು ದಿನ ಹೊಸದರಂತೆ ಎದ್ದಿತು. ಆಮೇಲೆ ತಿಳಿದದ್ದು: ನನ್ನ ಕಾರಿನಲ್ಲಿ ಆ ಅರ್ತ್ ಪಟ್ಟಿಯ ಒಂದು ತುದಿ ಸ್ಟಾರ್ಟರ್ ಮೋಟಾರಿನ ಬೋಲ್ಟಿನಡಿಯಲ್ಲೇ ಇದೆ. ಮೋಟಾರ್ ತೆಗೆಯುವಾಗ ಪಟ್ಟಿಯನ್ನೂ ಬಿಚ್ಚಿ ಮತ್ತೆ ಬಿಗಿದಿದ್ದರು. ಅಷ್ಟು ಅಲುಗಾಟಕ್ಕೆ ಅದು ತಾತ್ಕಾಲಿಕವಾಗಿ ಜೀವ ಹಿಡಿದಿತ್ತು. ಭಾಗ ಬದಲಿಸಿದ ಮೇಲೆ ಸರಿಹೋಯಿತೆಂದರೆ ಆ ಭಾಗವೇ ಕೆಟ್ಟಿತ್ತೆಂದು ಹೇಳುವಂತಿಲ್ಲ. ಅದನ್ನು ಬದಲಿಸುವಾಗ ಏನೇನನ್ನು ಮುಟ್ಟಿದರು ಎಂದೂ ಕೇಳಬೇಕು.

ಮೂರನೆಯ ಸಲ ಕಂಪ್ಯೂಟರ್ ಸ್ಕ್ಯಾನರ್ ಬಂತು. ಏಳು ದೋಷ ಸಂಕೇತಗಳು, ಅರ್ಧಕ್ಕರ್ಧ 'ಸಂಪರ್ಕ ಕಡಿದಿದೆ' ಎಂಬ ಜಾತಿಯವು. ಎಂಜಿನ್ನಿನ ನಿಯಂತ್ರಣ ಘಟಕ ಹೋಗಿರಬೇಕು ಎಂದರು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಈ ಘಟಕಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆ ಇಂಥ ದೂರುಗಳನ್ನು ರಾಶಿ ಹಾಕುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಖರ್ಚಿನ ಅಂದಾಜು ಕೇಳಿ ಹೆದರಿ ಎದ್ದು ಬಂದೆ. ಬುದ್ಧಿವಂತಿಕೆಯಿಂದಲ್ಲ, ಕೈ ಖಾಲಿಯಾಗಿದ್ದರಿಂದ ಉಳಿದುಕೊಂಡೆ.

ಉತ್ತರ ಸಿಕ್ಕಿದ್ದು ನನ್ನದೇ ಅವಸರದ ತಪ್ಪಿನಿಂದ. ಕತ್ತಲಲ್ಲಿ ಮತ್ತೊಮ್ಮೆ ಜಂಪ್ ಬೇಕಾಯಿತು. ಎಂಜಿನ್ನಿನ ಮೇಲೆ ಕಚ್ಚಿಸುವ ಜಾಗ ಕಾಣದೆ ಕಪ್ಪು ಕ್ಲಿಪ್ಪನ್ನು ಸೀದಾ ಬ್ಯಾಟರಿಯ ಮೈನಸ್ ಕಂಬಕ್ಕೇ ಹಾಕಿದೆ. ಗೊರ್... ಗೊರ್... ಕಾರು ಏಳಲಿಲ್ಲ. ಕ್ಲಿಪ್ ಸರಿಯಾಗಿ ಕೂತಿಲ್ಲವೆಂದುಕೊಂಡು ಮೊಬೈಲ್ ಬೆಳಕು ಹಿಡಿದು, ಅದನ್ನು ಎತ್ತಿ ಎಂಜಿನ್ನಿನ ಕೊಂಡಿಗೆ ಕಚ್ಚಿಸಿದೆ. ಚಾವಿ ಮುಟ್ಟಿದ್ದೇ ತಡ, ಎದ್ದಿತು. ಅದೇ ಕೇಬಲ್, ಅದೇ ಪಕ್ಕದ ಕಾರು, ಬದಲಾದದ್ದು ಕಪ್ಪು ಕ್ಲಿಪ್ಪಿನ ಜಾಗ, ಒಂದು ಮೊಳವೂ ಇಲ್ಲದ ಅಂತರ. ಅಂದರೆ ಮೂರು ತಿಂಗಳಿಂದ ಜಂಪರ್ ಕೇಬಲ್ ನನಗೆ ಕೊಡುತ್ತಿದ್ದದ್ದು ಹೊಸ ಶಕ್ತಿಯನ್ನಲ್ಲ, ಕರೆಂಟು ಮರಳುವುದಕ್ಕೆ ಹೊಸ ದಾರಿಯನ್ನು.

ಮರುದಿನ ಬೆಳಿಗ್ಗೆ ಮೀಟರ್ ಹಿಡಿದೆ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಮಗಳನ್ನು ಚಾವಿಯ ಬಳಿ ಕೂರಿಸಿ, ಕೈಯನ್ನು ಬೆಲ್ಟಿನಿಂದ ದೂರವಿಟ್ಟು, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿದೆ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ. ಕ್ಲಾಂಪಿನ ಮೇಲಲ್ಲ, ಕಂಬದ ನೆತ್ತಿಯ ಮೇಲೆ. ಕೆಂಪು ಕಡ್ಡಿ ಎಂಜಿನ್ನಿನ ಬರಿಯ ಲೋಹದ ಮೇಲೆ. 'ತಿರುಗಿಸು' ಎಂದೆ. ಸೊನ್ನೆಯಲ್ಲಿದ್ದ ಅಂಕಿ ಜಿಗಿದು 2.8ಕ್ಕೆ ನಿಂತಿತು. ಇರಬೇಕಾದದ್ದು 0.2ರ ಒಳಗೆ. ಕೆಂಪು ಕಡ್ಡಿಯನ್ನು ಕಾರಿನ ಬಾಡಿಗೆ ಒತ್ತಿ ಇನ್ನೊಮ್ಮೆ ತಿರುಗಿಸಿದಾಗ 0.1. ಬ್ಯಾಟರಿಯಿಂದ ಬಾಡಿಯವರೆಗೆ ರಸ್ತೆ ಚೆನ್ನಾಗಿದೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಕಡೆ ಗುಂಡಿ ಬಿದ್ದಿದೆ.

ಆ ಪಟ್ಟಿ ಮೇಲ್ನೋಟಕ್ಕೆ ಇದ್ದಲ್ಲೇ ಇತ್ತು. ಬಾಡಿಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿ ಎಳೆದಾಗ ಉಂಗುರದ ಕುತ್ತಿಗೆಯ ಬಳಿ ಹಸಿರು ಹಿಟ್ಟು ಉದುರಿತು, ಹೆಣೆದ ಎಳೆಗಳು ಬೆರಳಿಗೆ ಒಣ ಹುಲ್ಲಿನಂತೆ ಮುರಿದವು. ಎಂಟ್ಹತ್ತು ಎಳೆ ಗಟ್ಟಿ ಉಳಿದಿದ್ದವೋ ಏನೋ. ಬೀಪ್ ಬಂದದ್ದು ಅವುಗಳ ಪುಣ್ಯದಿಂದ. ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಗೇರ್ ಕೇಬಲ್ಲು: ಅದರ ಹೊದಿಕೆ ಒಂದು ಕಡೆ ಮೆತ್ತಗಾಗಿ ಉಬ್ಬಿತ್ತು. ದಾರಿ ಮುಚ್ಚಿದ ಕರೆಂಟು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಉಕ್ಕಿನ ಕೇಬಲ್ಲುಗಳು ಅದಕ್ಕೆ ಬಲಿಯಾಗುತ್ತವೆ. ಇನ್ನೂ ಕೆಲವು ವಾರ ಹೀಗೇ ಒದ್ದಾಡಿದ್ದರೆ ಹೊಗೆ ಕಾಣುತ್ತಿದ್ದೆನೇನೋ.

ಬ್ಯಾಟರಿ ಅರ್ಧಕ್ಕೆ ನಿಂತದ್ದಕ್ಕೂ ಕಾರಣ ಇದೇ. ಆಲ್ಟರ್ನೇಟರ್ ಕೂತಿರುವುದು ಎಂಜಿನ್ನಿನ ಮೇಲೆ, ಅದು ಕೊಡುವ ಚಾರ್ಜ್ ಕೂಡ ಇದೇ ಪಟ್ಟಿಯ ಮೂಲಕ ಸುತ್ತು ಮುಗಿಸಬೇಕು. ಹಾದಿಯಲ್ಲಿ ಮುಕ್ಕಾಲು ವೋಲ್ಟ್ ಸೋರಿದರೆ ಬ್ಯಾಟರಿಗೆ ದಕ್ಕುವುದು 13.4. ಹೀಗೆ ಒಳ್ಳೆಯ ಬ್ಯಾಟರಿಯೂ ದಿನದಿನಕ್ಕೆ ಸೊರಗಿ, ತಾನೇ ಅಪರಾಧಿ ಎಂಬಂತೆ ಕೈಕಟ್ಟಿ ನಿಲ್ಲುತ್ತದೆ.

ನಿಮ್ಮ ಕಾರಿನ ಸೆಲ್ಫ್ ನಿಧಾನವಾಗಿದ್ದರೆ ಇನ್ನೊಂದು ಕಾರನ್ನು ಕರೆಯುವ ಮೊದಲು ಹೀಗೆ ಮಾಡಿ ನೋಡಿ. ಜಂಪರ್ ಕೇಬಲ್ಲಿನ ಕಪ್ಪು ಎಳೆಯೊಂದನ್ನೇ ತೆಗೆದುಕೊಳ್ಳಿ. ಒಂದು ತುದಿ ನಿಮ್ಮದೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸೆಲ್ಫ್ ಚುರುಕಾದರೆ ಅರ್ತ್ ಹಾಳಾಗಿದೆ, ಮುಗಿಯಿತು. ಚುರುಕಾಗದಿದ್ದರೆ ಕ್ಯಾಬಿನ್ ದೀಪ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ಲುಗಳನ್ನೋ ಅನುಮಾನಿಸಿ. ಜಾಮ್ ಆದ ಮೋಟಾರ್ ಕೂಡ ಹೀಗೇ ಎಳೆಯುತ್ತದೆ. ದೀಪ ಚೆನ್ನಾಗಿ ಉರಿಯುತ್ತಲೇ ಸೆಲ್ಫ್ ತೆವಳಿದರೆ ಬ್ಯಾಟರಿಯಲ್ಲಿ ಜೀವವಿದೆ, ಅದು ಮೋಟಾರಿಗೆ ತಲುಪುತ್ತಿಲ್ಲ. ನನ್ನ ಕಾರಿನಲ್ಲಿ ಮೂರು ತಿಂಗಳೂ ದೀಪ ಉರಿಯುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ ನಡುವೆ ಅಳೆಯಿರಿ: 9.6ರ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಕಡೆ ನೋಡುವುದು, ಅದೂ ಪೂರ್ತಿ ಚಾರ್ಜ್ ಮಾಡಿದ ಮೇಲೆ. ಪ್ಲಸ್ ಕಡೆಯ ದಪ್ಪ ತಂತಿಯನ್ನೂ ಹಾಗೆಯೇ ಅಳೆಯಬಹುದು. ಕಂಬದಿಂದ ಮೋಟಾರಿನವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗಬಾರದು. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಮೋಟಾರ್ ತಣಿಯಲಿ.

ಸೆಲ್ಫ್ ಚುರುಕಾಗಿದ್ದೂ ಹೊತ್ತಿಕೊಳ್ಳದ ರೋಗದ ಬಗ್ಗೆ ಹೆಚ್ಚು ಹೇಳುವ ಅನುಭವ ನನಗಿಲ್ಲ, ಒಂದು ಉಪಾಯ ಮಾತ್ರ. ಪೆಟ್ರೋಲ್ ಕಾರಾದರೆ ಚಾವಿಯನ್ನು ಆನ್‌ಗೆ ತಂದು, ಹಿಂದಿನ ಸೀಟಿನ ಕೆಳಗೆ ಪಂಪು ಎರಡು ಸೆಕೆಂಡ್ ಗುಂಯ್‌ಗುಟ್ಟಲು ಬಿಟ್ಟು, ಆಫ್ ಮಾಡಿ, ಇದನ್ನೇ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ಥಟ್ಟನೆ ಎದ್ದರೆ ರಾತ್ರಿಯಲ್ಲಿ ಇಂಧನದ ಒತ್ತಡ ಸೋರಿಹೋಗುತ್ತಿದೆ ಎಂದು ಅರ್ಥ. ಡೀಸೆಲ್ ಕಾರು ಚಳಿಯಲ್ಲಿ ಮಾತ್ರ ಹಟ ಮಾಡಿದರೆ ಎಂಜಿನ್ನಿನ ಒಳಭಾಗವನ್ನು ಮೊದಲೇ ಬಿಸಿಮಾಡುವ ಗ್ಲೋ ಪ್ಲಗ್‌ಗಳನ್ನು ಮೊದಲು ನೋಡಿಸಿ.

ಹೊಸ ಪಟ್ಟಿ ಹಾಕುವಾಗ ಬಾಡಿಯ ಜಾಗದಲ್ಲಿ ಬಣ್ಣ, ತುಕ್ಕು ಎಲ್ಲ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿದೆ, ಬಿಗಿದ ಮೇಲೆ ಗ್ರೀಸ್ ಸವರಿದೆ. ಮೀಟರ್ ಈಗ 0.1 ತೋರಿಸುತ್ತದೆ, ಚಾರ್ಜ್ 14.2 ಇದೆ, ಏಳು ಸಂಕೇತಗಳನ್ನು ಅಳಿಸಿದ ಮೇಲೆ ಒಂದೂ ಮರಳಿ ಬಂದಿಲ್ಲ. ಗೇರ್ ಕೇಬಲ್ ಬದಲಿಸಬೇಕಾಯಿತು. ಮ್ಯೂಸಿಕ್ ಸಿಸ್ಟಮ್ ಇನ್ನೂ ಬಾಯಿಬಿಟ್ಟಿಲ್ಲ.