ನವಣೆ, ಬಾಳೆಹಣ್ಣು, ನೀರು: ಹಕ್ಕಿಗಳು ಯಾವುದಕ್ಕೆ ಬಂದವು?

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಹಿತ್ತಲಲ್ಲಿ ಕಾಳಿನ ಡಬ್ಬ ನೇತುಹಾಕಿ, ಕಿಟಕಿಯಿಂದಲೇ ಹಕ್ಕಿಗಳ ಫೋಟೋ ತೆಗೆಯುತ್ತಾರೆ. ನಮ್ಮ ಮೂಡಿಗೆರೆ ಕಡೆ ಹಿಮ ಇಲ್ಲ, ಮಂಜು ಇದೆ. ಜನವರಿಯಲ್ಲಿ ಬೆಳಿಗ್ಗೆ ಎಂಟಾದರೂ ಕಣದಾಚೆಯ ಸಿಲ್ವರ್ ಓಕ್ ಕಾಣುವುದಿಲ್ಲ. ಈ ಸಲ ಅಡುಗೆಮನೆ ಕಿಟಕಿ ಮುಂದೆ ಮೂರು ಬಗೆ ಇಟ್ಟು ನೋಡಿದೆ.

ಮೊದಲು ನವಣೆ. ಮೂರು ದಿನ ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ. ನಾಲ್ಕನೇ ದಿನ ರಾಟವಾಳದ ಹಿಂಡು ಬಂತು. ಒಂದೇ ಕಡೆ ಕೂತು ತಿನ್ನುವುದರಿಂದ ಫೋಟೋಗೆ ಸುಲಭ. ಆದರೆ ಇಬ್ಬನಿಗೆ ಕಾಳು ನೆಂದು ಬೂಷ್ಟು ಹಿಡಿಯುತ್ತದೆ. ಅದನ್ನು ತಿಂದರೆ ಹಕ್ಕಿಗೆ ಕಾಯಿಲೆ. ದಿನಾ ಬದಲಿಸಲೇಬೇಕು.

ಆಮೇಲೆ ಬಾಳೆಹಣ್ಣು. ಕಳಿತ ಪುಟ್ಟಬಾಳೆಯನ್ನು ಅರ್ಧ ಸುಲಿದು ಪೇರಲೆ ಕೊಂಬೆಗೆ ಚುಚ್ಚಿದೆ. ಅವತ್ತೇ ಕೆಮ್ಮೀಸೆ ಪಿಕಳಾರ ಬಂತು. ಚಳಿಗೆ ಗರಿ ಉಬ್ಬಿಸಿಕೊಂಡು ಉಂಡೆಯಂತೆ ಕೂತಿತ್ತು, ಜುಟ್ಟಿನ ತುದಿಯಲ್ಲಿ ಒಂದು ಹನಿ. ಮಾರನೇ ದಿನ ಕುಟ್ರು! ತೋಟದಲ್ಲಿ ದಿನವಿಡೀ ಕೂಗು ಕೇಳಿಸುತ್ತದೆ, ಎಲೆ ಮಧ್ಯೆ ಹಕ್ಕಿ ಮಾತ್ರ ಕಾಣುವುದಿಲ್ಲ ಅಲ್ವಾ? ಅದು ಎರಡು ಮಾರು ದೂರದಲ್ಲಿತ್ತು. ಕೊಕ್ಕಿನ ಬುಡದ ಮೀಸೆಗೂದಲಿಗೆ ಹಣ್ಣು ಮೆತ್ತಿಕೊಂಡಿದ್ದೂ ಫೋಟೋದಲ್ಲಿ ಬಂದಿದೆ.

ಆದರೂ ನನ್ನ ಓಟು ನೀರಿಗೆ. ಅಗಲದ ಮಣ್ಣಿನ ತಟ್ಟೆ, ಎರಡು ಬೆರಳು ಆಳ ನೀರು, ನಡುವೆ ಒಂದು ಕಲ್ಲು, ಅಷ್ಟೇ. ಹುಳ ತಿನ್ನುವ ಹಕ್ಕಿಗಳು ಕಾಳನ್ನು ತಿರುಗಿಯೂ ನೋಡುವುದಿಲ್ಲ. ನೀರು ಮಾತ್ರ ಅವಕ್ಕೂ ಬೇಕು, ಈ ತಿಂಗಳಲ್ಲಿ ಮಳೆಯೂ ಇಲ್ಲ. ಮಡಿವಾಳ ಹಕ್ಕಿ ದಿನಾ ಬರುತ್ತದೆ. ಒಂದು ಸಂಜೆ ನಾಲ್ಕರ ಹೊತ್ತಿಗೆ ರಾಜಹಕ್ಕಿ ಬಂದು ನೀರಿಗೆ ಎದೆ ತಾಗಿಸಿ ಮೇಲೆದ್ದಿತು, ಮತ್ತೆ ಇಳಿಯಿತು. ಬಿಳಿ ಬಾಲ ರಿಬ್ಬನ್ನಿನಂತೆ ಹಿಂದೆ ಬಂತು. ನನ್ನ ಕೈ ನಡುಗಿ ಮೊದಲ ಐದು ಫೋಟೋ ಹಾಳಾದವು. ಆರನೆಯದು ನಿಂತಿತು.

ಕ್ಯಾಮೆರಾ ಬಗ್ಗೆ ಎರಡು ಮಾತು. ಮಂಜಿನ ಬಿಳುಪನ್ನು ಕ್ಯಾಮೆರಾ ತಾನಾಗಿ ಬೂದು ಮಾಡುತ್ತದೆ, ಹಕ್ಕಿ ಕಪ್ಪಾಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಜಾಸ್ತಿ ಮಾಡಿ, ಅಂದರೆ ಫೋಟೋಗೆ ಬೆಳಕು ಎರಡರಷ್ಟು. ಹಿಮದಲ್ಲಿ ತೆಗೆಯುವವರೂ ಮಾಡುವುದು ಇದನ್ನೇ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 1600 ದಾಟಿದರೂ ಪರವಾಗಿಲ್ಲ, ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಇಳಿಸಬೇಡಿ. ಹೊರಗಿನ ಚಳಿಯಿಂದ ಒಲೆ ಹತ್ತಿರ ತಂದರೆ ಲೆನ್ಸ್ ಮಬ್ಬಾಗುತ್ತದೆ, ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಇರಲಿ.

ಈಗ ನವಣೆ ನಿಲ್ಲಿಸಿದ್ದೇನೆ. ಬಾಳೆಹಣ್ಣು ವಾರಕ್ಕೆ ಎರಡು ಸಲ. ತಟ್ಟೆ ತೊಳೆದು ಹೊಸ ನೀರು ಹಾಕುವುದು ದಿನಾ, ಮಳೆ ಶುರುವಾಗುವ ತನಕ.