ಗೀಸರಿಗೆ ವೈಫೈ ಥರ್ಮೋಸ್ಟಾಟ್: ನೀರು ಬಿಸಿ, ನ್ಯೂಟ್ರಲ್ ಮಂಡೆಬಿಸಿ

ಪರದೆ, ಆ್ಯಪ್, ಮಾತಾಡಿದರೆ ಕೇಳುವ ಸೌಕರ್ಯ, ಇವೆಲ್ಲ ಮಾರಾಟದ ಪುಟದಲ್ಲೇ ಇವೆ, ಇಲ್ಲಿ ಮತ್ತೆ ಬೇಡ. ಗೋಡೆಗೆ ಕೂರಿಸುವ 230 ವೋಲ್ಟಿನ, 16 ಆಂಪಿಯರಿನ ವೈಫೈ ಥರ್ಮೋಸ್ಟಾಟ್ ಇದು, ಅಂದರೆ ಎಷ್ಟು ಬಿಸಿಯಾಗಿದೆ ಎಂದು ನೋಡಿ ಕರೆಂಟನ್ನು ತಾನೇ ಹಾಕಿ ತೆಗೆಯುವ ಸ್ವಿಚ್. ಹುಟ್ಟಿದ್ದು ಚಳಿ ದೇಶಗಳ ಮನೆಗಳಲ್ಲಿ ನೆಲ ಬೆಚ್ಚಗಿಡಲಿಕ್ಕೆ. ಕಾಸರಗೋಡಿನಲ್ಲಿ ಆ ಕೆಲಸವನ್ನು ಮಾರ್ಚಿನ ಬಿಸಿಲು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಹಾಗಾಗಿ ಇಲ್ಲಿ ಅದು ಬಚ್ಚಲಿನ ಗೀಸರಿಗೆ: 15 ಲೀಟರ್, 2 ಕಿಲೋವ್ಯಾಟ್. ಮಳೆಗಾಲವನ್ನೂ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲನ್ನೂ ದಾಟಿದ ಮೇಲಿನ ಅಭಿಪ್ರಾಯ ಇಷ್ಟು: ಸಾಧನ ಒಳ್ಳೆಯದು, ಜೊತೆಗೆ ಬರುವ ಪುಸ್ತಿಕೆ ಅಪಾಯಕಾರಿ.

ಮೊದಲು ಒಳ್ಳೆಯದು. ಬೆಳಗ್ಗೆ 5 ಗಂಟೆ ದಾಟಿದ ಮೇಲೆ ಬಚ್ಚಲಿನ ಹೊರಗಿನ ಗೋಡೆಯಲ್ಲಿ ಸಾಧನದೊಳಗಿನ ಸ್ವಿಚ್, ಅಂದರೆ ರಿಲೇ, ಒಮ್ಮೆ ಟಕ್ ಎನ್ನುತ್ತದೆ. ಹೊರಗೆ ಮಳೆ ಹೊಯ್ಯುತ್ತಿದ್ದರೂ ಐದೂವರೆಗೆ ಮೀಯಲು ಹೋದವರಿಗೆ ನೀರು 55 ಡಿಗ್ರಿಯಲ್ಲಿ ಕಾದಿರುತ್ತದೆ. ಹಂಡೆಗೆ ಅಡಿಕೆ ಸಿಪ್ಪೆ ತುಂಬಿ ಊದಿದವರಿಗೆ ಆ ಟಕ್ಕಿನ ಬೆಲೆ ಗೊತ್ತು. 26 ಡಿಗ್ರಿಯ 15 ಲೀಟರ್ ನೀರು 55ಕ್ಕೆ ಏರಲು ಸುಮಾರು ಅರ್ಧ ಯೂನಿಟ್ ಕರೆಂಟು, ಕಾಲು ಗಂಟೆ. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 30 ಲೀಟರಿಗೆ ಸ್ವಲ್ಪ ಮೇಲೆ, ಅಂದರೆ ಎರಡು ಬಕೆಟ್. ಇಬ್ಬರಿಗೆ ಧಾರಾಳ.

ಬರೇ ಟೈಮರ್ ಸಾಲದೇ ಎಂದು ಕೇಳುವವರಿದ್ದಾರೆ. ಲೈನಿನ ಕೊನೆಯ ಮನೆಗಳಲ್ಲಿ ಸಾಲದು. ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ 2 ಕಿಲೋವ್ಯಾಟಿನ ಹೀಟರ್ ಒಂದೂವರೆ ಕಿಲೋವ್ಯಾಟಿನದ್ದಾಗುತ್ತದೆ, ಕಾಲು ಗಂಟೆಯ ಕೆಲಸಕ್ಕೆ 20 ನಿಮಿಷ ಬೇಕಾಗುತ್ತದೆ. ಟೈಮರಿಗೆ ಅದು ತಿಳಿಯುವುದಿಲ್ಲ, ಹದಿನೈದಕ್ಕೆ ನಿಲ್ಲಿಸಿ ಕೈತೊಳೆದುಕೊಳ್ಳುತ್ತದೆ. ಥರ್ಮೋಸ್ಟಾಟ್ ನೋಡುವುದು ನೀರನ್ನು. 25 ನಿಮಿಷ ಮೊದಲೇ ಶುರುವಾಗುವಂತೆ ಇಟ್ಟರೆ ವೋಲ್ಟೇಜ್ ಇಷ್ಟು ಇಳಿದರೂ ಹದ ತಪ್ಪುವುದಿಲ್ಲ. ಉಳಿತಾಯದ ಆಸೆಗೆ 50ರ ಕೆಳಗೆ ಇಡುವುದು ಬೇಡ. ನಿಂತ ಉಗುರುಬೆಚ್ಚಗಿನ ನೀರು ಬ್ಯಾಕ್ಟೀರಿಯಾಗಳಿಗೆ ಹಿತ.

ಇನ್ನು ವಯರಿಂಗ್. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಅಂತರ್ಜಾಲದ ಹೆಚ್ಚಿನ ವೀಡಿಯೊಗಳು ಅಮೆರಿಕದವು. ಅಲ್ಲಿ ಥರ್ಮೋಸ್ಟಾಟಿಗೆ ಬರುವುದು ಟ್ರಾನ್ಸ್‌ಫಾರ್ಮರಿನಿಂದ ಇಳಿದ 24 ವೋಲ್ಟ್. ಆರ್ ಎಂಬುದು ಕರೆಂಟು ತರುವ ವಯರ್, ಡಬ್ಲ್ಯು ಬಿಸಿಗೆ, ವೈ ತಂಪಿಗೆ, ಜಿ ಫ್ಯಾನಿಗೆ. ಸಿ ವಯರ್ ಕರೆಂಟು ಹಿಂತಿರುಗುವ ದಾರಿ. ಹಳೆಯ ಥರ್ಮೋಸ್ಟಾಟ್ ಬರೇ ಸ್ವಿಚ್ಚಿನ ಹಾಗಿದ್ದುದರಿಂದ ಅದಕ್ಕೆ ಸಿ ಬೇಕಿರಲಿಲ್ಲ. ವೈಫೈ, ಪರದೆ ಬಂದ ಮೇಲೆ ಅದೂ ಸ್ವತಃ ಕರೆಂಟು ತಿನ್ನುತ್ತದೆ, ಸಿ ಇಲ್ಲದ ಹಳೆ ಮನೆಗಳಲ್ಲಿ ಅಲ್ಲಿಯವರೂ ಪರದಾಡುತ್ತಾರೆ. ನೆಂಟರು ಅಮೆರಿಕದಿಂದ ತಂದ ನೆಸ್ಟ್, ಇಕೊಬೀ ಥರ್ಮೋಸ್ಟಾಟ್‌ಗಳನ್ನು ನಮ್ಮ 230 ವೋಲ್ಟಿಗೆ ಕೊಟ್ಟರೆ ಆ ಕ್ಷಣವೇ ಸುಟ್ಟಿತು. ಗಲ್ಫಿನಿಂದ ಬರುವ ಎ.ಸಿ. ಥರ್ಮೋಸ್ಟಾಟ್‌ಗಳಲ್ಲಿ 230 ವೋಲ್ಟಿನವೂ ಇವೆ, ಆದರೆ ಅವುಗಳ ರಿಲೇ ಫ್ಯಾನಿಗೂ ವಾಲ್ವಿಗೂ ಸಾಕಾಗುವಷ್ಟು ಸಣ್ಣದು. 2 ಕಿಲೋವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್. ಕೊಳ್ಳುವಾಗಲೂ ಮುಖ ನೋಡಿ ಮೋಸ ಹೋಗಬಾರದು: ಒಂದೇ ಆಕಾರದ ಡಬ್ಬಿಯಲ್ಲಿ 3 ಆಂಪಿಯರಿನದ್ದೂ 16 ಆಂಪಿಯರಿನದ್ದೂ ಸಿಗುತ್ತವೆ. ಹಿಂಬದಿಯ ಚೀಟಿಯಲ್ಲಿ 16 ಎಂದು ಇರಲೇಬೇಕು.

ನಮ್ಮಲ್ಲಿ ಸಿ ವಯರಿನ ಜಾಗದಲ್ಲಿ ಇರುವುದು ನ್ಯೂಟ್ರಲ್. ಸಾಧನದ ಹಿಂದೆ ಎಲ್ (ಕರೆಂಟು ತರುವ ಫೇಸ್), ಎನ್ (ನ್ಯೂಟ್ರಲ್) ಎಂದು ಒಳಬರುವ ಎರಡು ತುದಿ, ಎಲ್1, ಎನ್1 ಎಂದು ಗೀಸರಿಗೆ ಹೋಗುವ ಎರಡು, ಸೆನ್ಸರಿಗೆ ಎರಡು. ಪುಸ್ತಿಕೆಯ ಚಿತ್ರದಲ್ಲಿ ಎರಡು ಗೆರೆ ಎಳೆದು ಮುಗಿಸಿದ್ದಾರೆ. ಗೋಡೆಯೊಳಗೆ ನ್ಯೂಟ್ರಲ್ ಇದ್ದೇ ಇದೆ ಎಂಬ ಧೈರ್ಯ ಅದಕ್ಕೆ. ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಕಡಿಯುವ 20 ಆಂಪಿಯರಿನ ಡಬಲ್ ಪೋಲ್ ಸ್ವಿಚ್ ಇರುವ ಮನೆಯಲ್ಲಿ ನಿಜವಾಗಿಯೂ ಇರುತ್ತದೆ, ಕೆಲಸ ಅರ್ಧ ಗಂಟೆಯದ್ದು. ಹಳೆ ಮನೆಗಳಲ್ಲಿ ಸ್ವಿಚ್ ಬಚ್ಚಲಿನ ಹೊರಗೆ, ಸಾಕೆಟ್ ಒಳಗೆ. ಸ್ವಿಚ್ಚಿಗೆ ಬರುವುದು ಫೇಸ್, ಅಲ್ಲಿಂದ ಹೋಗುವುದೂ ಫೇಸ್. ನ್ಯೂಟ್ರಲ್ ಸ್ವಿಚ್ಚಿನ ಬಾಗಿಲನ್ನೇ ತಟ್ಟದೆ ನೇರ ಸಾಕೆಟ್ಟಿಗೆ ಹೋಗಿರುತ್ತದೆ.

ಆಗ ಬರುವ ವಯರ್‌ಮ್ಯಾನ್ ಅವಸರದವನಾದರೆ ಹೇಳುವ ಮಾತು: “ಎರ್ತ್ ಉಂಟಲ್ಲ, ಅದನ್ನೇ ಎನ್‌ಗೆ ಕೊಡುವ.” ಕೊಟ್ಟರೆ ಪರದೆ ಬೆಳಗುತ್ತದೆ, ವೈಫೈ ಸಿಗುತ್ತದೆ, ನೀರೂ ಬಿಸಿಯಾಗುತ್ತದೆ. ಗೀಸರಿನ ಭಾರ ತನ್ನ ಹಳೆಯ ನ್ಯೂಟ್ರಲಿನಲ್ಲೇ ಹೋಗುತ್ತಿರುತ್ತದೆ, ಎರ್ತಿನಲ್ಲಿ ಹರಿಯುವುದು ಥರ್ಮೋಸ್ಟಾಟ್ ತಿನ್ನುವ ಒಂದೂವರೆ ವ್ಯಾಟಿನಷ್ಟು, ಅಂದರೆ 6-7 ಮಿಲಿ ಆಂಪಿಯರ್. ಕರೆಂಟು ದಾರಿ ತಪ್ಪಿ ಸೋರಿದರೆ ಬೀಳುವ, ಅಂದರೆ ತಾನೇ ಆಫ್ ಆಗುವ, ಸುರಕ್ಷಾ ಸ್ವಿಚ್ಚು ಆರ್.ಸಿ.ಸಿ.ಬಿ.; 30 ಮಿಲಿ ಆಂಪಿಯರಿನದ್ದಾದರೆ ಅದು ಇದಕ್ಕೆ ಬೀಳುವುದಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು, ತಪ್ಪು ಆ ದಿನವೇ ಗೊತ್ತಾಗುತ್ತಿತ್ತು. ಬೀಳದ್ದರಿಂದ ಅದು ವರ್ಷಗಟ್ಟಲೆ ಅಡಗಿ ಕೂರುತ್ತದೆ. ಎರ್ತ್ ವಯರ್ ಎಲ್ಲಾದರೂ ತುಂಡಾದರೆ ಫೇಸ್ ಈ ಥರ್ಮೋಸ್ಟಾಟಿನ ಮೂಲಕ ಇಳಿದು, ಅದೇ ಎರ್ತಿಗೆ ಸೇರಿದ ಗೀಸರಿನ ಮೈ, ಫ್ರಿಜ್ಜಿನ ಬಾಗಿಲು, ವಾಷಿಂಗ್ ಮೆಷಿನ್ ಎಲ್ಲವನ್ನೂ ತಲುಪುತ್ತದೆ. ನಮ್ಮ ಮುರಕಲ್ಲು ನೆಲ ಏಪ್ರಿಲ್ ಹೊತ್ತಿಗೆ ಒಣಗಿದರೆ ಎರ್ತ್ ಗುಂಡಿಯ ಪ್ರತಿರೋಧ ಮೊದಲೇ ಏರಿರುತ್ತದೆ, ನೀರು ಹೊಯ್ಯುವ ಅಭ್ಯಾಸ ಅನೇಕ ಮನೆಗಳಲ್ಲಿ ನಿಂತೇ ಹೋಗಿದೆ. ಇಷ್ಟು ಗಂಭೀರ ವಿಷಯಕ್ಕೆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ.

ಯಾರೋ ಮಾಡಿ ಹೋದ ವಯರಿಂಗ್ ಸರಿಯಿದೆಯೇ ಎಂದು ನೋಡಲು ಬೇಕಾದದ್ದು ಒಂದು ಹೋಲ್ಡರ್, 40 ವ್ಯಾಟಿನ ಹಳೆಯ ತಂತಿ ಬಲ್ಬ್. ಎಲ್.ಇ.ಡಿ. ನಡೆಯದು, ಅದು ತೀರಾ ಕಡಿಮೆ ಎಳೆಯುತ್ತದೆ. ಮೇನ್ ಆಫ್ ಮಾಡಿ ಬಲ್ಬಿನ ಎರಡು ತುದಿಯನ್ನು ಎಲ್, ಎನ್‌ಗಳಿಗೆ ಸಿಕ್ಕಿಸಿ, ಕೈ ತೆಗೆದು ಆನ್ ಮಾಡಬೇಕು. ನಿಜವಾದ ನ್ಯೂಟ್ರಲ್ ಆದರೆ ಬಲ್ಬ್ ಉರಿಯುತ್ತದೆ. ಎರ್ತ್ ಆದರೆ 170 ಮಿಲಿ ಆಂಪಿಯರ್ ಅಲ್ಲಿ ಹರಿಯಲು ಹೋಗಿ ಆರ್.ಸಿ.ಸಿ.ಬಿ. ತಟ್ಟನೆ ಬೀಳುತ್ತದೆ. ಆರ್.ಸಿ.ಸಿ.ಬಿ. ಇಲ್ಲದ ಮನೆಯಲ್ಲಿ ಈ ಪರೀಕ್ಷೆಯೂ ಬೇಡ, ಥರ್ಮೋಸ್ಟಾಟೂ ಬೇಡ, ಮೊದಲು ಆರ್.ಸಿ.ಸಿ.ಬಿ. ಹಾಕಿಸಿ. ಮಲ್ಟಿಮೀಟರ್ ಒಂದನ್ನೇ ನಂಬಿದರೆ ಸಾಲದು, ಫೇಸಿನಿಂದ ನ್ಯೂಟ್ರಲಿಗೂ 230, ಎರ್ತಿಗೂ 230 ತೋರಿಸುತ್ತದೆ.

ಪಕ್ಕದ ಲೈಟಿನ ಬೋರ್ಡಿನಿಂದ ನ್ಯೂಟ್ರಲ್ ಕದಿಯುವುದು ಎರಡನೇ ಅಡ್ಡದಾರಿ. ಆ ವಯರ್ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರಿನದ್ದು. ಎನ್1 ಕೂಡ ಅದರಲ್ಲೇ ಹೋದರೆ ಗೀಸರಿನ ಭಾರವೆಲ್ಲ ಆ ಸಣ್ಣ ವಯರಿನ ಮೇಲೆ ಬೀಳುತ್ತದೆ. ಆಗ ಲೈಟಿಗೂ ಪವರಿಗೂ ಬೇರೆ ಬೇರೆ ಆರ್.ಸಿ.ಸಿ.ಬಿ. ಇದ್ದರೆ ಎರಡೂ ಬೀಳುತ್ತವೆ. ಸರಿಯಾದ ದಾರಿ ಒಂದೇ. ಸಾಕೆಟ್ಟಿನಿಂದ ಸ್ವಿಚ್ಚಿನ ಪೆಟ್ಟಿಗೆಗೆ ಅದೇ ಪೈಪಿನಲ್ಲಿ 2.5 ಚದರ ಮಿಲಿಮೀಟರಿನ ಕಪ್ಪು ತಾಮ್ರದ ವಯರ್ ಎಳೆಸುವುದು. ಪೈಪ್ ಮುರಕಲ್ಲಿನ ಗೋಡೆಯೊಳಗೆ ಕಟ್ಟಿಕೊಂಡಿದ್ದರೆ ಮೇಲಿಂದ ಪಿ.ವಿ.ಸಿ. ಕೇಸಿಂಗ್. ಚಂದ ಸ್ವಲ್ಪ ಕಡಿಮೆ, ಇರಲಿ. ಬಜೆಟ್ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಹಳೆ ಮನೆಯಲ್ಲಿ ವಯರಿಂಗಿನ ಕೂಲಿ ಸಾಮಾನಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ.

ಡಬ್ಬಿಯದ್ದೂ ಒಂದು ರಗಳೆ. ಸಾಧನದ ಸ್ಕ್ರೂಗಳ ನಡುವೆ 60 ಮಿಲಿಮೀಟರ್, ನಮ್ಮ ಮಾಡ್ಯುಲರ್ ಪೆಟ್ಟಿಗೆಗೆ ಕೂರುವುದಿಲ್ಲ. 86 ಮಿಲಿಮೀಟರಿನ ಚೌಕದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಬೇರೆ ತರಿಸಬೇಕು, ಆಳ 45 ಮಿಲಿಮೀಟರಿಗೆ ಕಡಿಮೆ ಬೇಡ. ನಾಲ್ಕು ದಪ್ಪ ವಯರುಗಳನ್ನು ಮಡಚಿ ತುರುಕಿದರೆ ಟರ್ಮಿನಲ್ ಸಡಿಲವಾಗುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಕರಗುತ್ತದೆ. ವಯರಿನ ತುದಿಗೆ ಫೆರುಲ್ (ಲೋಹದ ಸಣ್ಣ ಕೊಳವೆ) ಒತ್ತಿ, ಸ್ಕ್ರೂ ಬಿಗಿದ ಮೇಲೆ ಎಳೆದು ನೋಡಬೇಕು. ತಿಂಗಳೊಳಗೆ ಮೇನ್ ಆಫ್ ಮಾಡಿ ಇನ್ನೊಮ್ಮೆ ಬಿಗಿಯುವುದು ಒಳ್ಳೆಯದು. 3 ಕಿಲೋವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅದನ್ನು ನೇರ ಕೊಡದೆ 25 ಆಂಪಿಯರಿನ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಹಾಕಿಸಿ, ಥರ್ಮೋಸ್ಟಾಟ್ ಅದರ ಕಾಯಿಲನ್ನು ಮಾತ್ರ ನಡೆಸಲಿ.

ಸೆನ್ಸರಿನದ್ದು ಬೇರೆ ಕಥೆ. ಪೆಟ್ಟಿಗೆಯಿಂದ ತೆಗೆದಾಗ ಸಾಧನ ಅಳೆಯುವುದು ಗೋಡೆಯ ಹತ್ತಿರದ ಗಾಳಿಯನ್ನು. ಸೆಟ್ಟಿಂಗಿನಲ್ಲಿ ಒಳಗಿನ ಸೆನ್ಸರನ್ನು ಬಿಟ್ಟು ಹೊರಗಿನದ್ದನ್ನು ಆರಿಸಿ, 35ಕ್ಕೆ ನಿಂತಿರುವ ಗರಿಷ್ಠ ಮಿತಿಯನ್ನು 60ಕ್ಕೆ ಏರಿಸದಿದ್ದರೆ ಇಡೀ ಖರ್ಚು ವ್ಯರ್ಥ. ಹೊರಗಿನ ಸೆನ್ಸರ್ 10 ಕಿಲೋ ಓಮಿನದ್ದು. 30 ಡಿಗ್ರಿಯ ಕೋಣೆಯಲ್ಲಿ ಮೀಟರ್ ಸುಮಾರು 8 ಕಿಲೋ ಓಮ್ ತೋರಿಸಬೇಕು, ಬಿಸಿನೀರಲ್ಲಿ ಅದ್ದಿದರೆ ಇಳಿಯಬೇಕು. ವಾರಂಟಿ ಮುಗಿದ ಗೀಸರಾದರೆ ತಳದ ಮುಚ್ಚಳದೊಳಗೆ, ಹಳೆ ಥರ್ಮೋಸ್ಟಾಟಿನ ಬಲ್ಬ್ ಕೂರುವ ಕೊಳವೆಯಲ್ಲಿ ಎಡೆ ಇದ್ದರೆ ಅದೇ ಶ್ರೇಷ್ಠ ಜಾಗ. ವಾರಂಟಿ ಇದ್ದರೆ ಬಿಸಿನೀರು ಹೊರಬರುವ ಲೋಹದ ಮೂತಿಗೆ ಅಲ್ಯೂಮಿನಿಯಂ ಟೇಪಿನಿಂದ ಅಂಟಿಸಿ, ಮೇಲೆ ಫೋಮ್ ಸುತ್ತಿ. ಆದರೆ ಅಲ್ಲಿ ತೋರುವುದು ಟ್ಯಾಂಕಿಗಿಂತ ಕಡಿಮೆ. ನಲ್ಲಿಯ ನೀರಿಗೆ ಥರ್ಮಾಮೀಟರ್ ಹಿಡಿದು ಅಂತರ ನೋಡಿ ಸೆಟ್ಟಿಂಗಿನಲ್ಲಿ ಸರಿಪಡಿಸಬೇಕು, ಒಂದೊಂದು ಗೀಸರಿಗೆ ಒಂದೊಂದು ಲೆಕ್ಕ. ಕಡಿಮೆ ಬೆಲೆಯ ಹಲವು ಸಾಧನಗಳಲ್ಲಿ ಸೆನ್ಸರಿನ ವಯರ್ ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲ, ಆದ್ದರಿಂದ ಒದ್ದೆ ಬಚ್ಚಲಿನಲ್ಲಿ ಆ ವಯರನ್ನು ಉದ್ದ ಮಾಡುವಾಗ ಬರೇ ಟೇಪು ಸುತ್ತಿದ ಜೋಡಣೆ ಸಲ್ಲದು.

ಇನ್ನೊಂದು ಕೇಳಿಬರುವ ಸಲಹೆ, ಗೀಸರಿನೊಳಗಿನ ಥರ್ಮೋಸ್ಟಾಟ್ ತೆಗೆದುಬಿಡಿ, ಎರಡು ಯಾಕೆ ಎಂದು. ಮುಟ್ಟಬೇಡಿ. ರಿಲೇಯ ತುದಿಗಳು ಬೆಸೆದುಕೊಂಡರೆ ಹೊರಗಿನ ಥರ್ಮೋಸ್ಟಾಟ್ ಆಫ್ ಎಂದು ತೋರಿಸುತ್ತಲೇ ಗೀಸರನ್ನು ಉರಿಸುತ್ತಿರುತ್ತದೆ. ಆಗ ತಡೆಯುವುದು ಒಳಗಿನ ಥರ್ಮೋಸ್ಟಾಟ್, ಅದೂ ಕೈಕೊಟ್ಟರೆ ವಿಪರೀತ ಬಿಸಿಗೆ ಕರೆಂಟು ಕಡಿಯುವ ಥರ್ಮಲ್ ಕಟೌಟ್, ಕೊನೆಗೆ ಪ್ರೆಷರ್ ವಾಲ್ವ್. ಒಳಗಿನದ್ದನ್ನು 65-70ರಲ್ಲಿ ಇಟ್ಟರೆ ಅದು ದಿನನಿತ್ಯದ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಇಷ್ಟೆಲ್ಲ ಬೈದ ಮೇಲೂ ಸಾಧನದ ಮೇಲೆ ಪ್ರೀತಿ ಉಳಿದಿರುವುದು ಕರೆಂಟು ಹೋಗಿ ಬಂದಾಗ ಅದು ನಡೆದುಕೊಳ್ಳುವ ರೀತಿಯಿಂದ. ಮಳೆಗಾಲದಲ್ಲಿ ಗಾಳಿಗೆ ತೆಂಗಿನ ಮಡಲು ಲೈನಿಗೆ ಬಿದ್ದು ಕರೆಂಟು ಹೋಗುವುದು ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯವರಿಗೆ ಹೊಸತಲ್ಲ. ಬಂದಾಗ ವೈಫೈ ಇಲ್ಲದಿದ್ದರೂ ವೇಳಾಪಟ್ಟಿ ನಡೆಯುತ್ತದೆ, ಬಿಟ್ಟ ಕೆಲಸವನ್ನು ಹಿಡಿದುಕೊಳ್ಳುತ್ತದೆ. ಕರೆಂಟು ಬಂದಾಗ ಯಾವ ಸ್ಥಿತಿಯಲ್ಲಿ ಎದ್ದೇಳಬೇಕು ಎಂಬ ಆಯ್ಕೆಯನ್ನು ಮಾತ್ರ ಮೊದಲೇ ಬದಲಿಸಿಡಿ, ಇಲ್ಲದಿದ್ದರೆ ಆಫ್ ಆಗಿಯೇ ಉಳಿದೀತು.

ಒಬ್ಬರೇ ಇರುವ ಮನೆಗೆ, ಮಿಂದರೆ ಸಂಜೆ ಒಮ್ಮೆ ಎನ್ನುವವರಿಗೆ ಇದು ಬೇಡ, 3 ಲೀಟರಿನ ಇನ್‌ಸ್ಟಂಟ್ ಗೀಸರ್ ಸಾಕು. ಬೆಳಗ್ಗೆ ಶಾಲೆಗೆ, ಕೆಲಸಕ್ಕೆ ಹೊರಡುವವರ ಸಾಲು ಇರುವ ಮನೆಗೆ, ಡಬಲ್ ಪೋಲ್ ಸ್ವಿಚ್ಚೂ ಆರ್.ಸಿ.ಸಿ.ಬಿ.ಯೂ ಇದ್ದರೆ, ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ತೆಗೆದುಕೊಂಡ ಮೇಲೂ ಆ ಸ್ವಿಚ್ಚನ್ನು ಕಿತ್ತು ಹಾಕಬೇಡಿ, ಥರ್ಮೋಸ್ಟಾಟಿಗಿಂತ ಮೊದಲು ಅದೇ ಇರಲಿ. ಈ ಸಾಧನ ಆಫ್ ಆದಾಗ ಕಡಿಯುವುದು ಫೇಸನ್ನು ಮಾತ್ರ. ತುಲಾ ತಿಂಗಳ ಸಂಜೆ ಮೂಡಣ ಕಪ್ಪಾಗಿ ಸಿಡಿಲಿನ ಸೂಚನೆ ಕಂಡರೆ ಆ್ಯಪಿನಲ್ಲಿ ಆಫ್ ಒತ್ತಿ ಪ್ರಯೋಜನವಿಲ್ಲ, ಎದ್ದು ಹೋಗಿ ಸ್ವಿಚ್ಚನ್ನೇ ಆಫ್ ಮಾಡಬೇಕು.